ತೆಗೆದು ನೋಡು, ಹಾಕಿ ನೋಡು

ತಕ್ಕಡಿಗೋ, ಹಾಲಿನ ಟೆಸ್ಟರಿಗೋ, ಬಿಲ್ ಪ್ರಿಂಟರಿಗೋ ಬರೆದ ಯಾವ ಸಾಫ್ಟ್‌ವೇರ್ ತೆರೆದರೂ ಸೆಟ್ಟಿಂಗ್ ಪುಟದಲ್ಲಿ ಒಂದು ಪುಟ್ಟ ಚೌಕ ಇದ್ದೇ ಇರುತ್ತದೆ. ಅದರ ಪಕ್ಕ ‘ಪೋರ್ಟ್’ ಎಂದಷ್ಟೇ ಬರೆದಿರುತ್ತದೆ. ಬಾಣದ ಗುರುತು ಒತ್ತಿದರೆ ಪಟ್ಟಿ ಇಳಿಯುತ್ತದೆ: ಕಾಮ್ 1, ಕಾಮ್ 3, ಕಾಮ್ 4, ಕಾಮ್ 17. ಯಾವುದು ತಕ್ಕಡಿ, ಯಾವುದು ಟೆಸ್ಟರ್, ಯಾವುದರ ಹಿಂದೆ ಯಾರೂ ಇಲ್ಲ ಎಂಬುದರ ಸುಳಿವೇ ಅಲ್ಲಿರುವುದಿಲ್ಲ. ಈ ಚೌಕದ ಮುಂದೆ ಕೈಕಟ್ಟಿ ಕುಳಿತವರನ್ನು ಬಹಳ ನೋಡಿದ್ದೇನೆ. ಕೆಲವರು ಮೇಲಿನಿಂದ ಕೆಳಕ್ಕೆ ಒಂದೊಂದನ್ನೇ ಆರಿಸಿ ‘ಕನೆಕ್ಟ್’ ಒತ್ತುತ್ತಾ ಹೋಗುತ್ತಾರೆ. ಕೆಲವರು ದೊಡ್ಡ ಸಂಖ್ಯೆಯೇ ಹೊಸದು ಎಂದು ಅದನ್ನೇ ಆರಿಸುತ್ತಾರೆ. ಇನ್ನು ಕೆಲವರು ನೇರವಾಗಿ ಫೋನ್ ಮಾಡುತ್ತಾರೆ: “ಅಣ್ಣಾ, ಇದು ಯಾವ ಕಾಮು?”

ನಾನು ಎಲೆಕ್ಟ್ರಾನಿಕ್ ತಕ್ಕಡಿಗಳ ಸರ್ವಿಸ್ ಕೆಲಸದವನು. ಮೈಸೂರು, ಮಂಡ್ಯ, ಹಾಸನದ ಕಡೆಯ ಡೇರಿಗಳು, ಕಬ್ಬಿನ ಗಾಡಿ ತೂಗುವ ವೇಬ್ರಿಡ್ಜ್‌ಗಳು, ಜಲ್ಲಿ ಕ್ರಷರ್‌ಗಳು ನನ್ನ ಓಡಾಟದ ಜಾಗಗಳು. ಆದರೆ ಈ ಪ್ರಶ್ನೆ ನನ್ನ ಕಸುಬಿಗಷ್ಟೇ ಸೇರಿದ್ದಲ್ಲ. ಪೀಣ್ಯದಲ್ಲಿ ಹಳೆಯ ಸಿಎನ್‌ಸಿ ಯಂತ್ರಕ್ಕೆ ಪ್ರೋಗ್ರಾಮ್ ಕಳಿಸುವವನಿಗೂ ಇದೇ ಪ್ರಶ್ನೆ, ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತಪರೀಕ್ಷೆಯ ಯಂತ್ರವನ್ನು ಕಂಪ್ಯೂಟರಿಗೆ ಜೋಡಿಸುವವಳಿಗೂ ಇದೇ ಪ್ರಶ್ನೆ, ಮೊದಲ ಸಲ ಆರ್ಡುಯಿನೊ ಬೋರ್ಡ್ ಕೈಗೆತ್ತಿಕೊಂಡ ಡಿಪ್ಲೊಮಾ ಹುಡುಗನಿಗೂ ಇದೇ. ಮಿಕ್ಕೆಲ್ಲ ವೈಫೈಗೆ ಹೋಗಿ ಎಷ್ಟೋ ಕಾಲವಾಯಿತು. ತೂಗುವ, ಅಳೆಯುವ, ಕತ್ತರಿಸುವ ಯಂತ್ರಗಳಲ್ಲಿ ಬಹಳಷ್ಟು ಇವತ್ತಿಗೂ ಸೀರಿಯಲ್ ಪೋರ್ಟಿನಲ್ಲೇ ಮಾತಾಡುತ್ತವೆ. ಮೂರು ತಂತಿ ಸಾಕು: ಹೇಳುವುದಕ್ಕೊಂದು, ಕೇಳುವುದಕ್ಕೊಂದು, ಗ್ರೌಂಡಿಗೊಂದು. ಒಂದು ಬಿಟ್‌ನ ಹಿಂದೆ ಇನ್ನೊಂದು ಬಿಟ್ ಸಾಲಾಗಿ ಬರುತ್ತದೆ. ಇಷ್ಟು ಸರಳವಾದದ್ದನ್ನು ಬಿಟ್ಟುಕೊಡಲು ಯಂತ್ರ ಮಾಡುವವರಿಗೆ ಮನಸ್ಸಿಲ್ಲ. ನನಗೂ ಇಲ್ಲ.

ಹಾಲಿನ ಡೇರಿಯ ಮೇಜನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ದಿನಕ್ಕೆ ಎರಡು ಹೊತ್ತು ಹಾಲು ಹಾಕುವವರ ಸಾಲು ನಿಲ್ಲುತ್ತದೆ. ಕ್ಯಾನಿನಿಂದ ಹಾಲು ತಕ್ಕಡಿಯ ಮೇಲಿನ ಸ್ಟೀಲ್ ಪಾತ್ರೆಗೆ ಬೀಳುತ್ತದೆ, ಕೆಂಪು ಅಂಕಿಗಳು ಓಡಿ ಓಡಿ ಒಂದು ಕಡೆ ನಿಲ್ಲುತ್ತವೆ. ಪುಟ್ಟ ಸೌಟಿನಲ್ಲಿ ಸ್ಯಾಂಪಲ್ ತೆಗೆದು ಟೆಸ್ಟರಿನ ಕೊಳವೆಗೆ ಹಿಡಿಯುತ್ತಾರೆ. ಯಂತ್ರ ಹಾಲನ್ನು ಹೀರಿಕೊಂಡು, ಅದರೊಳಗೆ ಅಲ್ಟ್ರಾಸಾನಿಕ್ ತರಂಗ ಹಾಯಿಸಿ, ಫ್ಯಾಟ್ ಎಷ್ಟು, ಕೊಬ್ಬು ಬಿಟ್ಟು ಉಳಿದ ಘನಾಂಶ ಅಂದರೆ ಎಸ್‌ಎನ್‌ಎಫ್ ಎಷ್ಟು ಎಂದು ಹೇಳುತ್ತದೆ. ಲೀಟರಿನ ದರ ನಿಲ್ಲುವುದು ಈ ಎರಡು ಅಂಕಿಗಳ ಮೇಲೆ. ತೂಕ ಒಂದು ತಂತಿಯಲ್ಲಿ, ಫ್ಯಾಟ್ ಇನ್ನೊಂದರಲ್ಲಿ ಕಂಪ್ಯೂಟರಿಗೆ ಬರುತ್ತವೆ. ಲೆಕ್ಕ ಮುಗಿದ ಮೇಲೆ ಮೂರನೆಯ ತಂತಿ ಪ್ರಿಂಟರಿಗೆ ಚೀಟಿ ಹೊಡೆಯಲು ಹೇಳುತ್ತದೆ, ನಾಲ್ಕನೆಯದು ಕಿಟಕಿಯಾಚೆ ನಿಂತವರಿಗೆ ಕಾಣುವ ಡಿಸ್‌ಪ್ಲೇಗೆ ಅಂಕಿ ಕಳಿಸುತ್ತದೆ. ಗೋಡೆಯ ಕಡೆ ಬೆನ್ನು ಮಾಡಿದ ಸಿಪಿಯುವಿನ ಹಿಂದೆ ಒಂದೇ ಅಂಗಡಿಯಿಂದ ತಂದ ನಾಲ್ಕು ನೀಲಿ ಯುಎಸ್‌ಬಿ-ಸೀರಿಯಲ್ ಕನ್ವರ್ಟರ್‌ಗಳು. ನಾಲ್ಕಕ್ಕೂ ಒಂದೇ ಬಣ್ಣ, ಒಂದೇ ಉದ್ದ, ಒಂದೇ ಸ್ಟಿಕ್ಕರ್.

ಕಸ ಗುಡಿಸುವಾಗಲೋ, ಯುಪಿಎಸ್ ಬದಲಿಸುವಾಗಲೋ ಯಾರೋ ಈ ತಂತಿಗಳನ್ನು ಕಿತ್ತು, ತೂತು ಸಿಕ್ಕ ಕಡೆ ಮತ್ತೆ ಸಿಕ್ಕಿಸುತ್ತಾರೆ. ಅದರಲ್ಲಿ ಅವರ ತಪ್ಪೇನಿಲ್ಲ, ಎಲ್ಲ ತೂತೂ ಒಂದೇ ಆಕಾರ. ಮರುದಿನ ಬೆಳಗ್ಗೆ ಫ್ಯಾಟ್ ಬರುವುದಿಲ್ಲ. ಸಾಲು ಬೆಳೆಯುತ್ತದೆ, ಶಾಲೆಗೆ ಹೋಗಬೇಕಾದ ಮಕ್ಕಳು ಕ್ಯಾನ್ ಹಿಡಿದು ನಿಂತಿರುತ್ತಾರೆ, ಕಾರ್ಯದರ್ಶಿ ಟೆಸ್ಟರಿನ ಮುಖ ನೋಡಿ ಅಂಕಿಯನ್ನು ಕೈಯಲ್ಲಿ ಬರೆಯತೊಡಗುತ್ತಾರೆ. ಯಂತ್ರದಿಂದ ತಾನಾಗಿ ಚೀಟಿಗೆ ಬಂದ ಅಂಕಿಯನ್ನು ಊರು ನಂಬುವ ರೀತಿಯೇ ಬೇರೆ, ಮನುಷ್ಯ ನೋಡಿ ಬರೆದ ಅಂಕಿಯನ್ನು ನಂಬುವ ರೀತಿಯೇ ಬೇರೆ. ಒಂದು ಹಸು ಸಾಕಿ ಮನೆ ನಡೆಸುವವಳಿಗೆ ಫ್ಯಾಟಿನ ದಶಮಾಂಶವೂ ದುಡ್ಡು. ತಕ್ಕಡಿಯ ಮೈಮೇಲೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇರುತ್ತದೆ. ಆದರೆ ತಕ್ಕಡಿಯಿಂದ ಹೊರಟ ತೂಕ ಕಂಪ್ಯೂಟರಿನಲ್ಲಿ ಸರಿಯಾದ ಬಾಗಿಲಿಗೇ ಬಂದಿತೇ ಎಂದು ನೋಡುವ ಹೊಣೆ ಆ ಚೌಕದ ಮುಂದೆ ಕುಳಿತವನ ಮೇಲೆ ಬೀಳುತ್ತದೆ. ಅದಕ್ಕೇ ಈ ಸಣ್ಣ ಪ್ರಶ್ನೆಯನ್ನು ಸಣ್ಣದೆಂದು ಕಾಣಲು ನನಗೆ ಆಗುವುದಿಲ್ಲ.

ಮೊದಲು ಈ ಪ್ರಶ್ನೆ ಇಷ್ಟು ಗೊಂದಲದ್ದಾಗಿರಲಿಲ್ಲ. ಆರ್‌ಎಸ್-232 ಎಂಬ ಸೀರಿಯಲ್ ಸಂಪರ್ಕದ ಮಾನದಂಡ ಅಮೆರಿಕದಲ್ಲಿ ಬಂದದ್ದು 1960ರಲ್ಲಿ, ಟೆಲಿಪ್ರಿಂಟರ್ ಮತ್ತು ಮೋಡೆಮ್‌ಗಳ ಕಾಲದಲ್ಲಿ. 1981ರಲ್ಲಿ ಐಬಿಎಂ ತನ್ನ ಪಿಸಿ ತಂದಾಗ ಅದರ ಸೀರಿಯಲ್ ಕಾರ್ಡಿಗೆ 25 ಪಿನ್ನಿನ ಕನೆಕ್ಟರ್ ಇತ್ತು. 1984ರ ಪಿಸಿ ಎಟಿಯ ಜೊತೆ ಒಂಬತ್ತು ಪಿನ್ನಿನದು ಬಂತು. ನಮ್ಮ ತಕ್ಕಡಿಗಳ ಬೆನ್ನ ಮೇಲೆ ಇವತ್ತೂ ಇರುವುದು ಅದೇ. ಆ ಪಿಸಿಗಳಲ್ಲಿ ಕಾಮ್ 1 ಎಂದರೆ ಸರ್ಕ್ಯೂಟಿನೊಳಗೆ 3ಎಫ್8 ಎಂಬ ವಿಳಾಸ, ಕಾಮ್ 2 ಎಂದರೆ 2ಎಫ್8. ಸಂಖ್ಯೆ ಲೋಹಕ್ಕೇ ಅಂಟಿಕೊಂಡಿತ್ತು. ಡಬ್ಬದ ಹಿಂದೆ ಮೇಲಿನ ಕನೆಕ್ಟರ್ ಒಂದು, ಕೆಳಗಿನದು ಎರಡು ಎಂದು ಒಮ್ಮೆ ತಿಳಿದರೆ ಆ ಡಬ್ಬ ಗುಜರಿಗೆ ಹೋಗುವವರೆಗೂ ಅದು ಬದಲಾಗುತ್ತಿರಲಿಲ್ಲ. ಆಗಲೂ ತಾಪತ್ರಯ ಇಲ್ಲದೆ ಇರಲಿಲ್ಲ. ಕಾಮ್ 1 ಮತ್ತು ಕಾಮ್ 3 ಎರಡಕ್ಕೂ ನಾಲ್ಕನೆಯ ಇಂಟರಪ್ಟ್ ಲೈನೇ, ಕಾಮ್ 2 ಮತ್ತು ಕಾಮ್ 4ಕ್ಕೆ ಮೂರನೆಯದೇ. ಒಂದರಲ್ಲಿ ಮೌಸ್, ಮೂರರಲ್ಲಿ ಮೋಡೆಮ್ ಇಟ್ಟವರು ಮೋಡೆಮ್ ಡಯಲ್ ಮಾಡುವಾಗ ಮೌಸ್ ಸತ್ತದ್ದನ್ನು ನೋಡಿದ್ದಾರೆ. ಕಾರ್ಡಿನ ಮೇಲಿನ ಪುಟಾಣಿ ಜಂಪರ್‌ಗಳನ್ನು ಉಗುರಿನಲ್ಲಿ ಕಿತ್ತು ಬೇರೆ ಜಾಗಕ್ಕೆ ಹಾಕುವುದೇ ಆಗಿನ ಪರಿಹಾರ.

ಆ ಕಾಲದ ಗುರುತು ವಿಂಡೋಸ್‌ನಲ್ಲಿ ಇನ್ನೂ ಉಳಿದಿದೆ. ಕಾಮ್ 1 ಎಂಬ ಹೆಸರಿನಲ್ಲಿ ಒಂದು ಫೋಲ್ಡರ್ ಮಾಡಲು ಹೋಗಿ, ಬಿಡುವುದಿಲ್ಲ. ಡಾಸ್ ಕಾಲದಲ್ಲಿ ಆ ಹೆಸರನ್ನು ಸಾಧನಕ್ಕೆಂದು ಕಾದಿರಿಸಿದ್ದು ಹಾಗೇ ಇದೆ. ಕಾದಿರಿಸಿದ್ದು ಒಂದರಿಂದ ಒಂಬತ್ತರವರೆಗೆ ಮಾತ್ರ. ಹತ್ತು ಮತ್ತು ಅದರ ಮೇಲಿನ ಪೋರ್ಟ್ ತೆರೆಯಬೇಕಾದರೆ ಪ್ರೋಗ್ರಾಮ್ ಬರೆಯುವವನು ಹೆಸರಿನ ಹಿಂದೆ ಬೇರೊಂದು ಗುರುತು ಸೇರಿಸಬೇಕು. ಹಳೆಯ ಸಾಫ್ಟ್‌ವೇರ್ ಬರೆದವರು ಅದನ್ನು ಸೇರಿಸಿರುವುದಿಲ್ಲ. ಎಲ್ಲ ಸರಿಯಿದ್ದೂ ಕಾಮ್ 17 ತೆರೆಯದಿದ್ದರೆ ಕಾರಣ ಹಲವು ಸಲ ಇಷ್ಟೇ.

ಯುಎಸ್‌ಬಿ 1996ರಲ್ಲಿ ಬಂತು. 1998ರ ಐಮ್ಯಾಕ್ ಹಳೆಯ ಸೀರಿಯಲ್ ಪೋರ್ಟನ್ನು ಪೂರ್ತಿ ಬಿಟ್ಟಿತು, ಆಮೇಲೆ ಲ್ಯಾಪ್‌ಟಾಪ್‌ಗಳೂ ಒಂದೊಂದಾಗಿ ಬಿಟ್ಟವು. ಯಂತ್ರಗಳು ಬಿಡಲಿಲ್ಲ. ನಡುವೆ ಕನ್ವರ್ಟರ್ ಬಂತು: ಒಂದು ತುದಿಯಲ್ಲಿ ಯುಎಸ್‌ಬಿ, ಇನ್ನೊಂದು ತುದಿಯಲ್ಲಿ ಒಂಬತ್ತು ಪಿನ್, ನಡುವೆ ಉಗುರಿಗಿಂತ ಸಣ್ಣ ಚಿಪ್. ಅಲ್ಲಿಂದ ಮುಂದೆ ಸಂಖ್ಯೆ ಲೋಹಕ್ಕೆ ಅಂಟಿಕೊಳ್ಳಲಿಲ್ಲ. ಸಾಧನ ಬಂದು ನಿಂತಾಗ ವಿಂಡೋಸ್ ತನ್ನ ಪಟ್ಟಿಯಲ್ಲಿ ಖಾಲಿ ಇರುವ ಸಂಖ್ಯೆಯೊಂದನ್ನು ಕೊಡುತ್ತದೆ. ಆ ಪಟ್ಟಿಯಲ್ಲಿ 256 ಸಂಖ್ಯೆಗೆ ಜಾಗವಿದೆ. ಒಮ್ಮೆ ಕೊಟ್ಟ ಸಂಖ್ಯೆಯನ್ನು ಸಾಧನ ಹೊರಟುಹೋದ ಮೇಲೂ ಅದರ ಹೆಸರಿಗೇ ಇಟ್ಟುಕೊಂಡಿರುತ್ತದೆ. ಆದ್ದರಿಂದಲೇ ಮೂರೇ ತಂತಿ ಇರುವ ಕಂಪ್ಯೂಟರಿನಲ್ಲಿ ಕಾಮ್ 17 ಕಾಣಿಸುವುದು. ಆ ಹದಿನೇಳರ ಹಿಂದೆ ಹೋದ ವರ್ಷ ಯಾರೋ ಹಾಕಿ ತೆಗೆದ ಕನ್ವರ್ಟರ್‌ಗಳು, ಡಾಂಗಲ್‌ಗಳು, ಡೆಮೊ ತೋರಿಸಲು ತಂದ ಪ್ರಿಂಟರ್‌ಗಳು ಇರುತ್ತವೆ. ಡಿವೈಸ್ ಮ್ಯಾನೇಜರಿನಲ್ಲಿ ‘ವ್ಯೂ’ ಒತ್ತಿ ಅಡಗಿದ ಸಾಧನಗಳನ್ನು ತೋರಿಸು ಎಂದರೆ ಅವೆಲ್ಲ ಮಸುಕು ಬಣ್ಣದಲ್ಲಿ ಬರುತ್ತವೆ. ಬೇಡದವನ್ನು ಅಲ್ಲೇ ಅಳಿಸಬಹುದು.

ಈಗ ಪ್ರಶ್ನೆಗೆ ಬರುತ್ತೇನೆ. ಯಾವ ತಂತಿ ಯಾವ ಸಂಖ್ಯೆ? ನಾನು ಕಲಿತ ಮತ್ತು ಕಲಿಸುವ ಮೊದಲ ವಿಧಾನ ಎಲ್ಲಕ್ಕಿಂತ ಹಳೆಯದು: ತೆಗೆದು ನೋಡು, ಹಾಕಿ ನೋಡು. ಸ್ಟಾರ್ಟ್ ಗುಂಡಿಯ ಮೇಲೆ ಬಲ ಕ್ಲಿಕ್, ಡಿವೈಸ್ ಮ್ಯಾನೇಜರ್, ಅದರಲ್ಲಿ ‘ಪೋರ್ಟ್ಸ್’ ಎಂಬ ಸಾಲು. ಅದನ್ನು ಬಿಡಿಸಿ ತೆರೆದಿಟ್ಟು, ಕಣ್ಣನ್ನು ಪರದೆಯ ಮೇಲಿಟ್ಟು, ಕೈಯನ್ನು ಸಿಪಿಯುವಿನ ಹಿಂದಕ್ಕೆ ಚಾಚಿ ಒಂದೇ ಒಂದು ತಂತಿ ಎಳೆಯಬೇಕು. ಕಂಪ್ಯೂಟರ್ ಸ್ವರ ಇಳಿಸಿ ಒಂದು ಸದ್ದು ಮಾಡುತ್ತದೆ, ಪಟ್ಟಿ ಒಂದು ಕ್ಷಣ ಮಿಟುಕುತ್ತದೆ, ಒಂದು ಸಾಲು ಮಾಯವಾಗುತ್ತದೆ. ಮತ್ತೆ ಸಿಕ್ಕಿಸಿದರೆ ಸ್ವರ ಏರುತ್ತದೆ, ಸಾಲು ಮರಳುತ್ತದೆ. ಹೋದದ್ದು ಯಾವುದೋ, ಬಂದದ್ದೂ ಅದೇ ಆದರೆ ಅದೇ ಆ ತಂತಿಯ ಸಂಖ್ಯೆ. ಇದಕ್ಕೆ ಇಂಗ್ಲಿಷ್ ಬೇಕಿಲ್ಲ, ಚಿಪ್ಪಿನ ಹೆಸರು ಗೊತ್ತಿರಬೇಕಿಲ್ಲ. ಕಾರ್ಯದರ್ಶಿಯವರಿಗೆ ಫೋನಿನಲ್ಲೇ ಹೇಳಿ ಮಾಡಿಸಬಹುದು. ಒಂದೇ ಷರತ್ತು: ಒಂದು ಸಲಕ್ಕೆ ಒಂದೇ ತಂತಿ. ಅವಸರದಲ್ಲಿ ಎರಡು ಕಿತ್ತರೆ ಎರಡು ಸಾಲು ಹೋಗಿ ಮೊದಲಿನ ಗೊಂದಲಕ್ಕೇ ಮರಳುತ್ತೀರಿ. ಸಾಲು ನಿಂತ ಜನರ ಕಣ್ಣು ಬೆನ್ನಿಗೆ ಚುಚ್ಚುತ್ತಿರುವಾಗ ಒಂದೊಂದೇ ತಂತಿಯನ್ನು ನಿಧಾನವಾಗಿ ಎಳೆಯುವುದೇ ಇಲ್ಲಿ ಕಷ್ಟದ ಭಾಗ. ನನ್ನ ಜೊತೆ ಬರುವ ಹುಡುಗರಿಗೆ ನಾನು ಕಲಿಸಲು ಬಯಸುವುದೂ ಮುಖ್ಯವಾಗಿ ಆ ನಿಧಾನವನ್ನೇ.

ತೆಗೆದು ಹಾಕಿದರೂ ಸಾಲೇ ಬರದಿದ್ದರೆ, ಅಥವಾ ಹಳದಿ ತ್ರಿಕೋನ ಹೊತ್ತು ಬಂದರೆ, ಅದು ಡ್ರೈವರ್ ಮಾತು. ಅದನ್ನು ಇಲ್ಲಿ ಬೆಳೆಸುವುದಿಲ್ಲ. ಡ್ರೈವರ್ ಹಾಕುವ ಮುಂಚೆ ಚಿಪ್ ಯಾವುದೆಂದು ನೋಡಿಕೊಳ್ಳಿ ಎಂದಷ್ಟೇ ಹೇಳುತ್ತೇನೆ. ಸಾಧನದ ‘ಪ್ರಾಪರ್ಟೀಸ್’ ಒಳಗೆ ‘ಡೀಟೇಲ್ಸ್’ ಪುಟದಲ್ಲಿ ಹಾರ್ಡ್‌ವೇರ್ ಐಡಿ ಎಂದಿದೆ. ಅಲ್ಲಿ ಕಾಣುವ ನಾಲ್ಕು ಅಕ್ಷರಗಳ ತಯಾರಕರ ಸಂಖ್ಯೆ ಸುಳ್ಳು ಹೇಳುವುದು ಅಪರೂಪ: 0403 ಇದ್ದರೆ ಸ್ಕಾಟ್ಲೆಂಡಿನ ಎಫ್‌ಟಿಡಿಐ, 067ಬಿ ಇದ್ದರೆ ತೈವಾನಿನ ಪ್ರೊಲಿಫಿಕ್, 10ಸಿ4 ಇದ್ದರೆ ಸಿಲಿಕಾನ್ ಲ್ಯಾಬ್ಸ್, 1ಎ86 ಇದ್ದರೆ ಸಿಎಚ್340 ಮಾಡುವ ಚೀನಾದ ಕಂಪನಿ. ಅಪರೂಪ ಎಂದದ್ದು ನಕಲಿ ಚಿಪ್ಪುಗಳನ್ನು ಮನಸ್ಸಿನಲ್ಲಿಟ್ಟುಕೊಂಡು. 2014ರಲ್ಲಿ ಎಫ್‌ಟಿಡಿಐಯ ಡ್ರೈವರ್ ಒಂದು ನಕಲಿಗಳನ್ನು ಹುಡುಕಿ ಅವುಗಳ ಉತ್ಪನ್ನ ಸಂಖ್ಯೆಯನ್ನೇ ಸೊನ್ನೆ ಮಾಡಿಬಿಟ್ಟಿತು. ತಾವು ಕೊಂಡದ್ದು ನಕಲಿ ಎಂದು ತಿಳಿಯದವರ ಕನ್ವರ್ಟರ್‌ಗಳು ಒಂದು ಅಪ್‌ಡೇಟಿನಲ್ಲಿ ನಿಂತುಹೋದವು. ನಕಲಿ ಮಾಡುವುದು ತಪ್ಪೇ ಸರಿ. ಆದರೆ ಅದರ ದಂಡವನ್ನು ತಂತಿಯ ಕೊನೆಯಲ್ಲಿ ಕುಳಿತವನಿಂದ ವಸೂಲು ಮಾಡಿದ್ದನ್ನು ನಾನು ಒಪ್ಪಲಾರೆ.

ಸಂಖ್ಯೆ ಗೊತ್ತಾಯಿತು, ಸಾಫ್ಟ್‌ವೇರಿನಲ್ಲಿ ಹಾಕಿದ್ದಾಯಿತು. ಆದರೂ ತಂತಿಯನ್ನು ಪಕ್ಕದ ತೂತಿಗೆ ಹಾಕಿದ ಕೂಡಲೇ ಕಾಮ್ 5 ಇದ್ದದ್ದು ಕಾಮ್ 8 ಆಗುತ್ತದೆ. ಇನ್ನೊಂದು ಕಂಪನಿಯ ಕನ್ವರ್ಟರ್ ಹಾಕಿದರೆ ಎಲ್ಲಿ ಸಿಕ್ಕಿಸಿದರೂ ಕಾಮ್ 5 ಕಾಮ್ 5 ಆಗಿಯೇ ಇರುತ್ತದೆ. ಇದು ಬಹಳ ಜನರನ್ನು ದಿಕ್ಕುಗೆಡಿಸುವ ಸಂಗತಿ, ಕಾರಣ ಮಾತ್ರ ಬಹಳ ಸ್ಪಷ್ಟ. ಊರಿನಲ್ಲಿ ಇಬ್ಬರು ರಾಜ ಇದ್ದರೆ ಮೇಲಿನ ಮನೆ ರಾಜ, ಕೆಳಗಿನ ಮನೆ ರಾಜ ಎನ್ನುತ್ತೇವೆ. ಒಬ್ಬ ಮನೆ ಬದಲಿಸಿದರೆ ಗುರುತೂ ಬದಲಾಗುತ್ತದೆ. ಒಳ್ಳೆಯ ಎಫ್‌ಟಿಡಿಐ ಚಿಪ್ಪಿನೊಳಗೆ ಕಾರ್ಖಾನೆಯಲ್ಲೇ ಬರೆದ ಬೇರೆಲ್ಲೂ ಇಲ್ಲದ ಒಂದು ಸೀರಿಯಲ್ ಸಂಖ್ಯೆ ಇರುತ್ತದೆ. ವಿಂಡೋಸ್ ಆ ಸಂಖ್ಯೆ ಓದಿ, ಎಲ್ಲಿ ಬಂದರೂ ಇದು ಅದೇ ಎಂದು ತಿಳಿಯುತ್ತದೆ. ಸಾಮಾನ್ಯವಾಗಿ ಸಿಗುವ ಸಿಎಚ್340 ಚಿಪ್ಪಿಗೆ ಅಂಥ ಸಂಖ್ಯೆಯೇ ಇಲ್ಲ. ವಿಂಡೋಸ್‌ಗೆ ಅದರ ಬಗ್ಗೆ ಗೊತ್ತಾಗುವುದು ಯಾವ ಹಬ್ಬಿನ ಯಾವ ತೂತಿನಲ್ಲಿದೆ ಎಂಬುದು ಮಾತ್ರ. ತೂತು ಬದಲಾದರೆ ಅದು ಹೊಸಬ. ಸಿಲಿಕಾನ್ ಲ್ಯಾಬ್ಸ್‌ನ ಸಿಪಿ2102 ಹಾಕಿದ ಎಷ್ಟೋ ಅಗ್ಗದ ಬೋರ್ಡುಗಳಲ್ಲಿ ಸಂಖ್ಯೆ ಬರೆಯುವ ಜಾಗವಿದ್ದೂ, ಬೋರ್ಡ್ ಮಾಡಿದವರು ಅದನ್ನು ಮುಟ್ಟದೆ ಎಲ್ಲದರಲ್ಲೂ 0001 ಎಂದೇ ಬಿಟ್ಟಿರುತ್ತಾರೆ. ನಾಲ್ಕು ಸಾಧನ ಇರುವ ಮೇಜಿಗೆ ಕನ್ವರ್ಟರ್ ಕೊಳ್ಳುವವರಿಗೆ ನನ್ನ ಸಲಹೆ ಇದೊಂದೇ: ಸ್ವಂತ ಸೀರಿಯಲ್ ಸಂಖ್ಯೆ ಇರುವುದನ್ನೇ ಕೊಳ್ಳಿ. ಕೊಡುವ ಹೆಚ್ಚಿನ ದುಡ್ಡು ಒಂದು ಬೆಳಗಿನ ಪರದಾಟದಲ್ಲಿ ವಾಪಸ್ ಬರುತ್ತದೆ.

ಲಿನಕ್ಸ್ ಬಳಸುವವರಿಗೆ ಈ ವಿಷಯದಲ್ಲಿ ಅನುಕೂಲ ಹೆಚ್ಚು. ಅಲ್ಲಿ ಮೊದಲು ಕಾಣುವ ಹೆಸರು ಟಿಟಿವೈ ಯುಎಸ್‌ಬಿ 0, ಟಿಟಿವೈ ಯುಎಸ್‌ಬಿ 1 ಎಂದು ಬಂದ ಸರದಿಯ ಪ್ರಕಾರ ಇರುತ್ತದೆ. ಅದನ್ನು ನಂಬಿ ಕೂತರೆ ಕರೆಂಟ್ ಹೋಗಿ ಬಂದಾಗ ಸರದಿ ತಿರುಗಿ ತಕ್ಕಡಿಯ ಜಾಗದಲ್ಲಿ ಟೆಸ್ಟರ್ ಬರಬಹುದು. ಆರ್ಡುಯಿನೊ ಊನೊ ಇದ್ದರೆ ಟಿಟಿವೈ ಎಸಿಎಂ ಎಂಬ ಬೇರೆ ಸಾಲಿನಲ್ಲಿ ಬರುತ್ತದೆ. ತಂತಿ ಸಿಕ್ಕಿಸಿ ಡಿ-ಮೆಸೇಜ್ ಆಜ್ಞೆ ಓಡಿಸಿದರೆ, ಯಾರು ಬಂದರು, ಯಾವ ಹೆಸರು ಕೊಟ್ಟೆ ಎಂದು ಕರ್ನಲ್ ಒಂದೊಂದು ಸಾಲಿನಲ್ಲಿ ಬರೆದು ತೋರಿಸುತ್ತದೆ. ಅದಕ್ಕಿಂತ ಒಳ್ಳೆಯದು ಡೆವ್ ಫೋಲ್ಡರಿನೊಳಗಿನ ಸೀರಿಯಲ್ ಫೋಲ್ಡರ್. ಅಲ್ಲಿ ‘ಬೈ-ಐಡಿ’ ಮತ್ತು ‘ಬೈ-ಪಾತ್’ ಎಂಬ ಎರಡು ಪಟ್ಟಿಗಳಿವೆ. ಮೊದಲನೆಯದು ಸಾಧನದ ಹೆಸರು ಮತ್ತು ಸೀರಿಯಲ್ ಸಂಖ್ಯೆ ಹಿಡಿದು ಗುರುತಿಸುತ್ತದೆ, ಎರಡನೆಯದು ಅದು ಕುಳಿತ ತೂತು ಹಿಡಿದು. ಒಂದೇ ಥರದ ಎರಡು ಸಿಎಚ್340 ಹಾಕಿದರೆ ಬೈ-ಐಡಿಯಲ್ಲಿ ಎರಡಕ್ಕೂ ಸೇರಿ ಒಂದೇ ಹೆಸರು ಉಳಿಯುತ್ತದೆ. ಆಗ ಬೈ-ಪಾತ್ ಹಿಡಿಯಬೇಕು, ತಂತಿಗಳನ್ನು ತೂತು ಬದಲಿಸದೆ ಇಡಬೇಕು. ಉಬುಂಟು 22.04ರಲ್ಲಿ ಸಿಎಚ್340 ಬಂದ ತಕ್ಷಣ ಮಾಯವಾದರೆ ಕನ್ವರ್ಟರನ್ನು ಎಸೆಯಬೇಡಿ. ಬ್ರೈಲ್ ಪರದೆಗಳಿಗೆ ನೆರವಾಗುವ ಬಿಆರ್‌ಎಲ್‌ಟಿಟಿವೈ ಎಂಬ ಸೇವೆ ಅದನ್ನು ಬ್ರೈಲ್ ಸಾಧನವೆಂದು ತಿಳಿದು ಎತ್ತಿಕೊಂಡಿರುತ್ತದೆ. ಪೋರ್ಟ್ ಕಾಣಿಸಿಯೂ ತೆರೆಯಲು ಅನುಮತಿ ಇಲ್ಲ ಎಂದರೆ ನಿಮ್ಮ ಹೆಸರನ್ನು ಡಯಲ್‌ಔಟ್ ಗುಂಪಿಗೆ ಸೇರಿಸಬೇಕು.

ತೆಗೆದು ಹಾಕಿ ನೋಡಿದಾಗ ಗೊತ್ತಾಗುವುದು ಕನ್ವರ್ಟರ್ ಯಾವ ಸಂಖ್ಯೆಯಲ್ಲಿ ಕುಳಿತಿದೆ ಎಂಬುದಷ್ಟೇ. ಅದರ ಆಚೆ ತುದಿಯಲ್ಲಿ ತಕ್ಕಡಿ ಇದೆಯೇ, ಟೆಸ್ಟರ್ ಇದೆಯೇ, ಖಾಲಿ ಇದೆಯೇ ಎಂಬುದು ಕಂಪ್ಯೂಟರಿಗೆ ಗೊತ್ತೇ ಇಲ್ಲ. ಒಂಬತ್ತು ಪಿನ್ನಿನ ಕಡೆ ಏನಿದೆ ಎಂದು ಕೇಳುವ ಏರ್ಪಾಡು ಆರ್‌ಎಸ್-232ರಲ್ಲಿ ಇಲ್ಲ. ಹಾಗಾಗಿ ಎರಡನೆಯ ವಿಧಾನ: ಅದರ ಬಾಯಿಂದಲೇ ಹೇಳಿಸಬೇಕು. ಪುಟ್ಟಿಯಂಥ ಟರ್ಮಿನಲ್ ಪ್ರೋಗ್ರಾಮಿನಲ್ಲಿ ಪೋರ್ಟ್ ತೆರೆದು, ಬಾಡ್ ರೇಟ್ 9600 ಇಟ್ಟು, ತಕ್ಕಡಿಯ ಮೇಲೆ ಕೈ ಒತ್ತಿ. ಕೆಲವು ತಕ್ಕಡಿಗಳು ಎಡೆಬಿಡದೆ ತೂಕ ಕಳಿಸುತ್ತಿರುತ್ತವೆ. ಕೈ ಒತ್ತಿದಂತೆ ಪರದೆಯ ಸಾಲಿನಲ್ಲಿ ‘ಯುಎಸ್’ ಎಂಬ ಅಕ್ಷರಗಳ ಮುಂದೆ ಅಂಕಿ ಏರುತ್ತದೆ, ಕೈ ಸ್ಥಿರವಾದಾಗ ಅದು ‘ಎಸ್‌ಟಿ’ ಆಗುತ್ತದೆ. ತೂಕ ಅಲುಗಾಡುತ್ತಿದೆ, ತೂಕ ನಿಂತಿತು ಎಂದು ಅದರ ಅರ್ಥ. ನನ್ನ ಅಂಗೈಯ ಭಾರ ಪರದೆಯಲ್ಲಿ ಏರಿಳಿಯುವುದನ್ನು ನೋಡುವಾಗ ಆಗುವ ಖುಷಿ ಇಷ್ಟು ವರ್ಷವಾದರೂ ಕಡಿಮೆಯಾಗಿಲ್ಲ. ಇದು ತಕ್ಕಡಿಯೇ, ಈ ಪೋರ್ಟೇ, ಎಂದು ಆಗ ಅನುಮಾನವಿಲ್ಲದೆ ಹೇಳಬಹುದು.

ಅಂಕಿಯ ಬದಲು ಅರ್ಥವಿಲ್ಲದ ಚಿಹ್ನೆಗಳು ಬಂದರೆ ಅದು ಒಳ್ಳೆಯ ಸುದ್ದಿ. ತಂತಿ ಸರಿಯಿದೆ, ಪೋರ್ಟ್ ಸರಿಯಿದೆ, ವೇಗ ಮಾತ್ರ ಹೊಂದಿಲ್ಲ. 2400, 4800, 19200 ಹೀಗೆ ಬದಲಿಸಿ ನೋಡಿದರೆ ಒಂದು ಕಡೆ ಅಕ್ಷರಗಳು ತಿಳಿಯಾಗುತ್ತವೆ. ಬಾಡ್ ಎಂಬ ಈ ಅಳತೆಗೆ ಎಮಿಲ್ ಬೋಡೋ ಎಂಬ ಫ್ರೆಂಚ್ ತಂತಿ ಎಂಜಿನಿಯರನ ಹೆಸರು ಇಟ್ಟಿದ್ದಾರೆ. 1870ರ ದಶಕದಲ್ಲಿ ಐದು ಬಿಟ್‌ಗಳ ಸಂಕೇತ ಕಟ್ಟಿ ಟೆಲಿಗ್ರಾಫ್ ನಡೆಸಿದ ಅವನ ಹೆಸರು ಇವತ್ತು ಹಳ್ಳಿಯ ಡೇರಿಯ ಸೆಟ್ಟಿಂಗ್ ಪುಟದಲ್ಲಿದೆ.

ಏನೂ ಬರದಿದ್ದರೆ ಮಲ್ಟಿಮೀಟರ್ ಹೊರಗೆ ತೆಗೆಯಬೇಕು. ಕಪ್ಪು ಕಡ್ಡಿಯನ್ನು ತಕ್ಕಡಿಯ ಕನೆಕ್ಟರಿನ ಐದನೆಯ ಪಿನ್ನಿಗೆ, ಅಂದರೆ ಗ್ರೌಂಡಿಗೆ ಇಟ್ಟು, ಕೆಂಪು ಕಡ್ಡಿಯನ್ನು ಎರಡನೆಯದಕ್ಕೂ ಆಮೇಲೆ ಮೂರನೆಯದಕ್ಕೂ ಮುಟ್ಟಿಸಿ. ಆರ್‌ಎಸ್-232ರಲ್ಲಿ ಸುಮ್ಮನಿರುವ ಸಾಲು ಋಣ ವೋಲ್ಟೇಜಿನಲ್ಲಿರುತ್ತದೆ, ಮೈನಸ್ 3ರಿಂದ ಮೈನಸ್ 15ರ ಒಳಗೆ ಎಲ್ಲೋ. ಯಾವ ಪಿನ್ನಿನಲ್ಲಿ ಮೀಟರ್ ಆ ಋಣ ಅಂಕಿ ತೋರಿಸುತ್ತದೋ ಅದೇ ತಕ್ಕಡಿ ಮಾತಾಡುವ ಪಿನ್. ಕಂಪ್ಯೂಟರ್ ಕೇಳುವುದು ತನ್ನ ಎರಡನೆಯ ಪಿನ್ನಿನಿಂದ. ಹೇಳುವ ಪಿನ್ ಕೇಳುವ ಪಿನ್ನಿಗೆ ಹೋಗುತ್ತಿಲ್ಲ ಎಂದಾದರೆ ಎರಡು ಮತ್ತು ಮೂರನ್ನು ಅದಲುಬದಲು ಮಾಡಿದ ಕೇಬಲ್ ಹಾಕಬೇಕು. ಕನ್ವರ್ಟರನ್ನೇ ಅನುಮಾನಿಸಿದರೆ ಅದಕ್ಕೂ ಪರೀಕ್ಷೆ ಇದೆ. ಅದರ ಎರಡನೆಯ ಮತ್ತು ಮೂರನೆಯ ಪಿನ್‌ಗಳಿಗೆ ಸಣ್ಣ ತಾಮ್ರದ ತಂತಿಯ ಚೂರು ಸುತ್ತಿ, ಟರ್ಮಿನಲ್ ತೆರೆದು ಕೀಬೋರ್ಡಿನಲ್ಲಿ ‘ಎ’ ಒತ್ತಿ. ಹೋದ ಅಕ್ಷರ ಅದೇ ದಾರಿಯಲ್ಲಿ ತಿರುಗಿ ಬಂದು ಪರದೆಯಲ್ಲಿ ಮೂಡುತ್ತದೆ. ತಂತಿಯ ಚೂರು ತೆಗೆದರೆ ಎಷ್ಟು ಒತ್ತಿದರೂ ಮೂಡುವುದಿಲ್ಲ. ನಾಲ್ಕು ಒಂದೇ ಥರದ ಕನ್ವರ್ಟರ್‌ಗಳ ನಡುವೆ ಇದು ಯಾವ ಕಾಮ್ ಎಂದು ಅರಿಯಲೂ ಈ ಚೂರು ಸಾಕು. ಯಾವ ಪೋರ್ಟಿನಲ್ಲಿ ಅಕ್ಷರ ಮರಳಿತೋ, ಚೂರು ಸುತ್ತಿದ ಕನ್ವರ್ಟರ್ ಅಲ್ಲಿದೆ.

ಇನ್ನೊಂದು ವಿಚಿತ್ರ ಹೇಳಲೇಬೇಕು. ಎಡೆಬಿಡದೆ ತೂಕ ಕಳಿಸುವ ತಕ್ಕಡಿಯನ್ನೋ ಜಿಪಿಎಸ್ ರಿಸೀವರನ್ನೋ ಸಿಕ್ಕಿಸಿದ ಕೂಡಲೇ ಕೆಲವೊಮ್ಮೆ ಪರದೆಯ ಮೇಲಿನ ಬಾಣ ಹುಚ್ಚೆದ್ದು ಓಡುತ್ತದೆ, ತಾನಾಗಿ ಕ್ಲಿಕ್ ಆಗಿ ಕಿಟಕಿಗಳು ತೆರೆಯುತ್ತವೆ. ಜನ ವೈರಸ್ ಎಂದು ಹೆದರುತ್ತಾರೆ. ಸೀರಿಯಲ್ ಮೌಸ್‌ಗಳ ಕಾಲದ ವಿಂಡೋಸ್ ಅಭ್ಯಾಸ ಅದು. ಪೋರ್ಟಿನಿಂದ ಹರಿದು ಬರುವ ಅಕ್ಷರಗಳನ್ನು ಮೌಸಿನ ಚಲನೆ ಎಂದು ಓದಿಬಿಟ್ಟಿರುತ್ತದೆ. ಡಿವೈಸ್ ಮ್ಯಾನೇಜರಿನಲ್ಲಿ ಮೌಸ್‌ಗಳ ಸಾಲಿನಲ್ಲಿ ‘ಸೀರಿಯಲ್ ಬಾಲ್‌ಪಾಯಿಂಟ್’ ಎಂದು ಹೊಸದೊಂದು ಬಂದಿರುತ್ತದೆ. ತಕ್ಕಡಿಯ ತಂತಿ ಕಿತ್ತುಕೊಂಡು ಅದನ್ನು ಅಳಿಸಿಬಿಟ್ಟರೆ ಮತ್ತೆ ಸಿಕ್ಕಿಸಿದಾಗ ಪುನಃ ಬರುತ್ತದೆ, ಆದ್ದರಿಂದ ಅಳಿಸದೆ ‘ಡಿಸೇಬಲ್’ ಮಾಡಬೇಕು.

ಪೋರ್ಟ್ ಖಚಿತವಾದ ಮೇಲೆ ಅದನ್ನು ಕಾಯ್ದಿಡುವ ಕೆಲಸ ಉಳಿಯುತ್ತದೆ. ಪೋರ್ಟಿನ ‘ಅಡ್ವಾನ್ಸ್ಡ್’ ಪುಟದಲ್ಲಿ ಸಂಖ್ಯೆಯನ್ನು ನಾವೇ ನಿಗದಿ ಮಾಡಬಹುದು. ನಾನು ಹೋದ ಕಡೆಯೆಲ್ಲ ತಕ್ಕಡಿಗೆ ಕಾಮ್ 5, ಟೆಸ್ಟರಿಗೆ ಕಾಮ್ 6 ಎಂದು ಇಡುತ್ತೇನೆ. ಹತ್ತರ ಒಳಗೆ ಇದ್ದರೆ ಹಳೆಯ ಸಾಫ್ಟ್‌ವೇರಿಗೂ ತೊಂದರೆ ಇಲ್ಲ, ಫೋನಿನಲ್ಲಿ ಕೇಳಿದವರಿಗೆ ಹೇಳುವುದೂ ಸುಲಭ. ಆಮೇಲೆ ಬಿಳಿ ಟೇಪಿನಲ್ಲಿ ‘ತಕ್ಕಡಿ’, ‘ಟೆಸ್ಟರ್’ ಎಂದು ಕನ್ನಡದಲ್ಲಿ ಬರೆದು ಕನ್ವರ್ಟರಿನ ಎರಡೂ ತುದಿಗೆ ಸುತ್ತುತ್ತೇನೆ, ಸಿಪಿಯುವಿನ ತೂತಿನ ಪಕ್ಕಕ್ಕೂ ಅದೇ ಹೆಸರು ಅಂಟಿಸುತ್ತೇನೆ. ಗುಡಿಸಲು ಬರುವಾಕೆಯನ್ನು ಕರೆದು ತೋರಿಸುತ್ತೇನೆ. ಒಂದು ಡೇರಿಯಲ್ಲಿ ಆಕೆ ಮುಂದಿನ ಸಲ ನಾನು ಹೋಗುವಷ್ಟರಲ್ಲಿ ಪ್ರಿಂಟರಿನ, ಡಿಸ್‌ಪ್ಲೇಯ ತಂತಿಗಳಿಗೂ ಹೆಸರು ಬರೆಸಿ ಅಂಟಿಸಿದ್ದರು, ನನ್ನ ಅಕ್ಷರಕ್ಕಿಂತ ಚೆನ್ನಾದ ಅಕ್ಷರದಲ್ಲಿ, ಮಗಳ ಕೈಯಲ್ಲಿ. ಆ ಡೇರಿಯಿಂದ ಪೋರ್ಟಿನ ವಿಷಯಕ್ಕೆ ಫೋನ್ ಬಂದಿಲ್ಲ.

ಈಗೀಗ ಬ್ಲೂಟೂತ್ ತಕ್ಕಡಿಗಳು ಬರುತ್ತಿವೆ. ತಂತಿ ಹೋದರೆ ಪ್ರಶ್ನೆಯೂ ಹೋಯಿತು ಎಂದುಕೊಳ್ಳುವವರಿದ್ದಾರೆ. ಪ್ರಶ್ನೆ ಇನ್ನಷ್ಟು ಬಿಗಿಯಾಗಿದೆ. ಒಂದು ಬ್ಲೂಟೂತ್ ತಕ್ಕಡಿಯನ್ನು ಪೇರ್ ಮಾಡಿದರೆ ವಿಂಡೋಸ್ ಹಲವು ಸಲ ಎರಡೆರಡು ಕಾಮ್ ಪೋರ್ಟ್ ಕೊಡುತ್ತದೆ, ‘ಔಟ್‌ಗೋಯಿಂಗ್’ ಒಂದು, ‘ಇನ್‌ಕಮಿಂಗ್’ ಒಂದು. ಡಿವೈಸ್ ಮ್ಯಾನೇಜರಿನಲ್ಲಿ ಎರಡಕ್ಕೂ ಒಂದೇ ಹೆಸರು. ತಕ್ಕಡಿಯ ಸ್ವಿಚ್ ಆರಿಸಿದರೂ ಎರಡೂ ಸಾಲು ಪಟ್ಟಿಯಲ್ಲಿ ಹಾಗೇ ನಿಂತಿರುತ್ತವೆ, ಹಾಗಾಗಿ ತೆಗೆದು ನೋಡುವ ವಿಧಾನ ಇಲ್ಲಿ ನಡೆಯುವುದಿಲ್ಲ. ಬ್ಲೂಟೂತ್ ಸೆಟ್ಟಿಂಗಿನ ‘ಕಾಮ್ ಪೋರ್ಟ್ಸ್’ ಪುಟಕ್ಕೆ ಹೋಗಿ, ತಕ್ಕಡಿಯ ಹೆಸರಿನ ಮುಂದೆ ಔಟ್‌ಗೋಯಿಂಗ್ ಎಂದಿರುವ ಸಂಖ್ಯೆ ನೋಡಿಕೊಂಡು, ಟರ್ಮಿನಲ್‌ನಲ್ಲಿ ಅದನ್ನು ತೆರೆದು, ತಕ್ಕಡಿಯ ಮೇಲೆ ಕೈ ಒತ್ತಿ. ಅಂಕಿ ಏರಿದರೆ ಆ ಸಂಖ್ಯೆಯನ್ನೇ ಸಾಫ್ಟ್‌ವೇರಿನ ಚೌಕದಲ್ಲಿ ಹಾಕಿ ಸೇವ್ ಮಾಡಿ.